ಎಡಗಡೆಯ ಗಾಳಿ

ಅಳಿಯನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಬೇರೆಯವರ ಬಾಯಿಯಿಂದ. ಡಾಕ್ಟರುಗಳು ಕಳಿಸುವ ದವಡೆಯ ಅಚ್ಚುಗಳನ್ನು ಮುಂದಿಟ್ಟುಕೊಂಡು, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ವಾರವಿಡೀ ಹಲ್ಲಿನ ಸೆಟ್ಟು ಕಟ್ಟುವುದು ಅವನ ಕೆಲಸ. ಕೂದಲೆಳೆಯಷ್ಟು ಏರುಪೇರಾದರೂ ಸೆಟ್ಟು ವಾಪಸ್ಸು ಬರುತ್ತದೆ, ಜೊತೆಗೆ ಒಂದಿಷ್ಟು ಬೈಗುಳವೂ ಬರುತ್ತದೆ. ಹೀಗಾಗಿ ಶನಿವಾರ ಮಧ್ಯಾಹ್ನ ಬಂತೆಂದರೆ ಅವನಿಗೆ ಕಿಟಕಿಯಷ್ಟೇ ಸಾಲದು, ಗೋಡೆಗಳೇ ಇಲ್ಲದ ಜಾಗ ಬೇಕು. ಊರಾಚೆಯ ಸರೋವರದ ದಡದಲ್ಲಿದ್ದ ಕ್ಲಬ್ಬಿನಲ್ಲಿ ಅವನದೊಂದು ಹಾಯಿದೋಣಿ ಇತ್ತು. ಇಬ್ಬರು ಕೂತರೆ ತುಂಬಿಹೋಗುವಷ್ಟು ಪುಟ್ಟದು.

ಆ ವರ್ಷ ಗಾಳಿ ಕೈಕೊಟ್ಟಿತ್ತು. ವಾರ ವಾರವೂ ಹೋಗಿ, ಕನ್ನಡಿಯಂತೆ ಬಿದ್ದಿದ್ದ ನೀರನ್ನು ನೋಡಿ, ಹಾಯಿ ಬಿಚ್ಚಿ ಮತ್ತೆ ಮಡಚಿಟ್ಟು ಬರುವುದೇ ಆಗಿತ್ತು. ಕೊನೆಗೊಂದು ಶನಿವಾರ ಬೆಳಿಗ್ಗೆ ಎದ್ದರೆ ಪಕ್ಕದ ಮನೆಯ ತಗಡು ಪಟಪಟ ಬಡಿದುಕೊಳ್ಳುತ್ತಿದೆ, ಒಣಹಾಕಿದ್ದ ಬಟ್ಟೆಯೆಲ್ಲ ಕಾಂಪೌಂಡಿನ ಮೂಲೆ ಸೇರಿದೆ. ಅಳಿಯನ ಮುಖ ಅರಳಿತು. ಅಷ್ಟರಲ್ಲಿ ಫೋನು ಬಂತು. ದೋಣಿಯಲ್ಲಿ ಜೊತೆಗೆ ಕೂರುತ್ತಿದ್ದ ಔಷಧಿ ಅಂಗಡಿಯವನಿಗೆ ಸೊಂಟ ಹಿಡಿದುಕೊಂಡಿತ್ತಂತೆ.

"ಹಾಳಾಗ್ಹೋಗ್ಲಿ," ಎಂದು ಫೋನು ಕುಕ್ಕಿದ. ಅಂಥ ಗಾಳಿಯಲ್ಲಿ ಒಬ್ಬನೇ ಹೋಗುವಂತಿರಲಿಲ್ಲ. ದೋಣಿ ವಾಲಿದಾಗ ಎದುರು ಅಂಚಿನಲ್ಲಿ ಕೂತು ಹಿಂದಕ್ಕೆ ಮೈ ಚೆಲ್ಲಲು ಇನ್ನೊಬ್ಬರ ಭಾರ ಬೇಕೇಬೇಕು.

"ಅಪ್ಪನ್ನ ಕರ್ಕೊಂಡು ಹೋಗಿ," ಎಂದಳು ಹೆಂಡತಿ. "ಎಷ್ಟು ದಿನದಿಂದ ಕೇಳ್ತಿದ್ದಾರೆ, ಪಾಪ."

ಅತ್ತೆ ತೀರಿಕೊಂಡ ಮೇಲೆ ಮಾವ ಇವರ ಜೊತೆಗೇ ಬಂದು ನೆಲೆಸಿದ್ದರು. ಸುಮ್ಮನೆ ಕೂರುವ ಜೀವವಲ್ಲ. ಮೊಮ್ಮಗಳು ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು ಬರುವುದು, ಈಜಿನ ಕ್ಲಾಸಿಗೆ ಕರೆದೊಯ್ಯುವುದು, ತರಕಾರಿ ತರುವುದು, ಎಲ್ಲವೂ ಅವರದೇ, ಅವರದೇ ಕಾರಿನಲ್ಲಿ. ಜೀವಮಾನವೆಲ್ಲ ರೈಲು ಓಡಿಸಿದವರು. ಕನ್ನಡಕ ಹಾಕಿದವರಲ್ಲ, ಅದನ್ನು ಬಂದವರಿಗೆಲ್ಲ ಹೇಳದೆ ಬಿಟ್ಟವರೂ ಅಲ್ಲ. ಕಾರಿನ ಎಡಬದಿಗೆ ಇತ್ತೀಚೆಗೆ ಗೀರುಗಳು ಜಾಸ್ತಿಯಾಗಿದ್ದವು. ಕೇಳಿದರೆ, "ಪಾರ್ಕಿಂಗಲ್ಲಿ ಯಾರಿಗೂ ಕಣ್ಣು ಕಾಣಲ್ಲ, ಉಜ್ಜಿಕೊಂಡೇ ಹೋಗ್ತಾರೆ" ಎನ್ನುತ್ತಿದ್ದರು.

ಆ ಶನಿವಾರ ಪುಟ್ಟಿಯ ಈಜಿನ ಕ್ಲಾಸಿಗೂ ರಜ. ಬೇಡವೆನ್ನಲು ಅಳಿಯನಿಗೆ ಬಾಯಿಯವರೆಗೂ ಬಂತು. ಆದರೆ ಮಾವ ಆಗಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಾನು ರೆಡಿ, ಅಳಿಯಂದ್ರೆ."

ಮಾವ ಅಳಿಯನನ್ನು ನೀವು ಎಂದೇ ಕರೆಯುತ್ತಿದ್ದರು, ಅಳಿಯನೂ ಹಾಗೇ. ಮದುವೆಯ ದಿನದಿಂದ ಇಬ್ಬರ ನಡುವೆ ಒಂದು ಬಿರುಸಿನ ಮಾತು ನಡೆದದ್ದಿಲ್ಲ. ದೋಣಿ ನಡೆಸುವುದಕ್ಕೆ ಅದೇ ದೊಡ್ಡ ತೊಡಕೆಂದು ಅವನಿಗೆ ಆಗ ಹೊಳೆಯಲಿಲ್ಲ.

ಕ್ಲಬ್ಬಿನಲ್ಲಿ ಬಾವುಟ ಕೋಲಿನಿಂದ ಕಿತ್ತುಕೊಂಡು ಹೋಗುವ ಹಾಗೆ ಹಾರಾಡುತ್ತಿತ್ತು. ತಿಳಿದವರು ಹಾಯಿಯ ಕೆಳಭಾಗವನ್ನು ಸುತ್ತಿ ಕಟ್ಟಿ ಕಿರಿದು ಮಾಡಿಕೊಳ್ಳುತ್ತಿದ್ದರು. ಅಳಿಯನಿಗೂ ಅದು ಗೊತ್ತಿತ್ತು. ಆದರೆ ಇಷ್ಟು ವಾರ ಕಾದು ಪಡೆದ ಗಾಳಿಗೆ ಅರ್ಧ ಹಾಯಿ ಒಡ್ಡುವುದೆಂದರೆ, ಹಸಿದವನಿಗೆ ಅರ್ಧ ತಟ್ಟೆ ಬಡಿಸಿದ ಹಾಗೆ ಅನ್ನಿಸಿತು. ಪೂರ್ತಿ ಹಾಯಿಯನ್ನೇ ಏರಿಸಿದ. ಮಾವನಿಗೆ ತೇಲುವ ಜಾಕೆಟ್ಟು ತೊಡಿಸಿ, ಪಟ್ಟಿ ಬಿಗಿದು, ಪಾಠ ಹೇಳಿದ.

"ನೋಡಿ ಮಾವ, ಚುಕ್ಕಾಣಿ, ದೊಡ್ಡ ಹಾಯಿ ನನ್ನ ಪಾಲು. ಮುಂದಿನ ಚಿಕ್ಕ ಹಾಯಿಯ ಹಗ್ಗ ನಿಮ್ಮ ಕೈಲಿ. ಈ ಗಾಳಿ ಒಂದೇ ಸಮ ಬೀಸಲ್ಲ, ಗುಡ್ಡದ ಸಂದಿಯಿಂದ ಗುದ್ದೋ ಹಾಗೆ ಬರತ್ತೆ. ಬರೋಕ್ ಮುಂಚೆ ನೀರಿನ ಮೇಲೆ ಕಪ್ಪಗೆ ಮಚ್ಚೆ ಥರ ಕಾಣತ್ತೆ. ಕಂಡ ತಕ್ಷಣ 'ಬಂತು' ಅಂತ ಕೂಗಿ. ನಾನು 'ಬಿಡಿ' ಅಂದ್ರೆ ಹಗ್ಗ ಬಿಟ್ಟುಬಿಡಿ. ಅಷ್ಟೇ."

"ಅಷ್ಟೇನಾ?" ಎಂದರು ಮಾವ. "ಮೈಲಿ ದೂರದ ಸಿಗ್ನಲ್ಲು ನೋಡಿದ ಕಣ್ಣಿದು, ಅಳಿಯಂದ್ರೆ. ನೀರಿನ ಮೇಲಿನ ಮಚ್ಚೆ ಯಾವ ಲೆಕ್ಕ?"

ಮೊದಲು ಎಲ್ಲವೂ ಸೊಗಸಾಗಿಯೇ ನಡೆಯಿತು. ಗಾಳಿ ಬಲಗಡೆಯಿಂದ ಬರುತ್ತಿತ್ತು. ಇಬ್ಬರೂ ಬಲ ಅಂಚಿನ ಮೇಲೆ ಕೂತು, ಕಾಲನ್ನು ದೋಣಿಯ ತಳದ ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿದ್ದರು. ಹಾಗೆ ಕೂತಾಗ ದೋಣಿಯ ಮೂತಿ ಮಾವನ ಬಲಕ್ಕಿತ್ತು. "ಬಂತು!" ಎಂದು ಅವರು ಕೂಗುವುದು, ಅಳಿಯ ಹಾಯಿ ಸಡಿಲಿಸಿ ಮೂತಿಯನ್ನು ಗಾಳಿಯ ಕಡೆ ಒಂಚೂರು ತಿರುಗಿಸುವುದು, ದೋಣಿ ವಾಲಲು ಹೋಗಿ, ವಾಲದೆ, ಆ ಬಲವನ್ನೆಲ್ಲ ಓಟಕ್ಕೆ ಹಾಕಿ ಬಾಣದಂತೆ ಚಿಮ್ಮುವುದು. ಔಷಧಿ ಅಂಗಡಿಯವನೂ ಇಷ್ಟು ಚುರುಕಾಗಿ ಹೇಳಿದವನಲ್ಲ. ಮುಖಕ್ಕೆ ನೀರು ರಾಚುತ್ತಿದ್ದರೂ ಅಳಿಯನಿಗೆ ಹಾಡುವಷ್ಟು ಖುಷಿಯಾಗಿತ್ತು.

ಆಚೆ ದಡ ಹತ್ತಿರ ಬಂದಾಗ ದೋಣಿಯನ್ನು ತಿರುಗಿಸಿದ. ಈಗ ಗಾಳಿ ಎಡಗಡೆಯಿಂದ. ಇಬ್ಬರೂ ದೊಡ್ಡ ಹಾಯಿಯ ಬುಡದ ಅಡ್ಡಮರದ ಕೆಳಗೆ ತಲೆ ತಗ್ಗಿಸಿ ಎಡ ಅಂಚಿಗೆ ದಾಟಿದರು. ಮಾವ ದಾಟುವಾಗ ಹಗ್ಗಕ್ಕಾಗಿ ತಡಕಾಡಿದರು. ಮೊಣಕಾಲಿನ ಪಕ್ಕದಲ್ಲೇ ಬಿದ್ದಿದ್ದ ಹಗ್ಗ ಅವರ ಕೈಗೆ ಸಿಗಲು ಹೊತ್ತು ಹಿಡಿಯಿತು.

ಅಲ್ಲಿಂದ ಶುರುವಾಯಿತು ಕಾಟ. ಮಾವನ ಬಾಯಿ ಬಂದ್ ಆಯಿತು. ಗಾಳಿ ಬಂದು ಹಾಯಿಗೆ ಬಡಿದು, ದೋಣಿ ಎದ್ದು ನಿಂತ ಮೇಲೆ, "ಓ, ಬಂತು!" ಎನ್ನುತ್ತಿದ್ದರು. ಬಂದದ್ದು ದೋಣಿಗೇ ಗೊತ್ತಾದ ಮೇಲೆ ಇವರು ಹೇಳಿ ಏನಾಗಬೇಕು?

"ಮಾವ, ಮುಂಚೆ ಹೇಳಿ!"

"ಹೇಳ್ತಿದ್ದೀನಲ್ಲ!"

"ಮುಂಚೆ, ಮುಂಚೆ! ಎಡಗಡೆ ನೋಡ್ತಾ ಇರಿ!"

"ನೋಡ್ತಾನೇ ಇದ್ದೀನಿ, ಅಳಿಯಂದ್ರೆ!"

ಇನ್ನೊಂದು ಹೊಡೆತ. ಅಳಿಯ ಹಾಯಿ ಸಡಿಲಿಸಿ ಹೇಗೋ ಉಳಿಸಿಕೊಂಡ. ಮತ್ತೊಂದು. ಕೈಯ ಚರ್ಮ ಹಗ್ಗಕ್ಕೆ ಸಿಕ್ಕಿ ಸುಲಿಯಿತು. ಮಾವ ಬೇಕೆಂದೇ ಹೀಗೆ ಮಾಡುತ್ತಿದ್ದಾರೆ, ಹಗ್ಗ ಹಿಡಿಯುವ ಕೆಲಸ ತಮ್ಮ ಘನತೆಗೆ ಕಮ್ಮಿ ಅಂದುಕೊಂಡಿದ್ದಾರೆ ಎಂದು ಅವನ ಪಿತ್ತ ನೆತ್ತಿಗೇರಿತು. ಬೇರೆಯವರಾಗಿದ್ದರೆ ನಾಲ್ಕು ಬಿಗಿಯುತ್ತಿದ್ದ. ಹೆಣ್ಣು ಕೊಟ್ಟ ಮಾವನಿಗೆ ಬಹುವಚನದಲ್ಲಿ ಎಷ್ಟೆಂದು ಬೈಯುವುದು? ಹಲ್ಲು ಕಚ್ಚಿಕೊಂಡು ತಾನೇ ಆಚೀಚೆ ಕತ್ತು ಹೊರಳಿಸುತ್ತ, ಹಾಯಿಯನ್ನೂ ನೋಡುತ್ತ, ನೀರನ್ನೂ ನೋಡುತ್ತ ನಡೆಸಿದ.

ಹಾಯಿಯತ್ತ ನೋಡುತ್ತಿದ್ದ ಗಳಿಗೆಯಲ್ಲೇ ದೊಡ್ಡದು ಬಂತು. ತಣ್ಣನೆಯ ಏಟು ಕೆನ್ನೆಗೆ ಬಿದ್ದಾಗಲೇ ಅವನಿಗೆ ತಿಳಿದದ್ದು. ದೊಡ್ಡ ಹಾಯಿಯನ್ನು ಪೂರ್ತಿ ಬಿಟ್ಟ. ಆದರೆ ಮುಂದಿನ ಚಿಕ್ಕ ಹಾಯಿ ಬಿಗಿಯಾಗಿಯೇ ಇತ್ತು. ಅದು ಮೂತಿಯನ್ನು ಗಾಳಿಯಿಂದ ಆಚೆಗೆ ಎಳೆಯುತ್ತ ದೋಣಿಯನ್ನು ಇನ್ನಷ್ಟು ಮಲಗಿಸತೊಡಗಿತು.

"ಬಿಡಿ ಮಾವ! ಹಗ್ಗ ಬಿಡಿ!"

ಮಾವ ಹೆದರಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬಿಡ್ರೀ! ಬಿಡಿ ಅಂದೆ! ಬಿಡೋ, ಬಿಡೋ ಹಗ್ಗಾನ!"

ಮಾವ ಕಣ್ಣರಳಿಸಿ ಅಳಿಯನತ್ತ ತಿರುಗಿದರು. ಆ ಮುಖದಲ್ಲಿ ಮುಳುಗುವ ಭಯಕ್ಕಿಂತ ಆ 'ಬಿಡೋ' ಕೇಳಿದ ಆಘಾತವೇ ದೊಡ್ಡದಾಗಿತ್ತು. ಮರುಕ್ಷಣ ಹಾಯಿ ನೀರಿಗೆ ಬಡಿಯಿತು, ದೋಣಿ ಮಗುಚಿತು, ಇಬ್ಬರೂ ಸರೋವರದಲ್ಲಿದ್ದರು.

ಅಳಿಯ ಮೇಲೆ ಬಂದು ದೋಣಿಯ ಅಂಚು ಹಿಡಿದ. ಮಾವನ ಟೋಪಿ ತೇಲಿ ಹೋಗುತ್ತಿತ್ತು. ಮಾವ ಜಾಕೆಟ್ಟಿನ ದೆಸೆಯಿಂದ ಬಾಟಲಿಯ ಬಿರಡೆಯಂತೆ ಮೇಲೆದ್ದು, ಕೆಮ್ಮುತ್ತ, ಒಂದಿಷ್ಟು ದೂರದಲ್ಲಿದ್ದರು. ಅಲೆಗೆ ಇನ್ನೂ ದೂರ ಸರಿಯುತ್ತಿದ್ದರು. ಅಳಿಯ ಕಿತ್ತಳೆ ಬಣ್ಣದ ದಪ್ಪ ಹಗ್ಗವನ್ನು ಬಿಚ್ಚಿ ಎಸೆದ. ಅದು ಮಾವನ ಎಡಭುಜದ ಪಕ್ಕದಲ್ಲೇ, ಗೇಣು ದೂರದಲ್ಲಿ, ನೀರಿನ ಮೇಲೆ ಉದ್ದಕ್ಕೆ ಬಿತ್ತು.

"ಹಿಡ್ಕೊಳ್ಳಿ ಮಾವ!"

"ಎಲ್ಲಿ?"

"ಅಲ್ಲೇ! ಪಕ್ಕದಲ್ಲೇ!"

"ಎಲ್ಲಿದೆ ಅಳಿಯಂದ್ರೆ? ಎಸೀರಿ ಬೇಗ!"

ಅಷ್ಟು ಎದ್ದು ಕಾಣುವ ಹಗ್ಗ ಅವರ ಕಿವಿಗೆ ತಾಗುವಂತೆ ತೇಲುತ್ತಿತ್ತು. ಮಾವ ಮುಂದೆ ನೋಡಿದರು, ಬಲಕ್ಕೆ ನೋಡಿದರು, ಖಾಲಿ ನೀರನ್ನು ಕೈಯಿಂದ ಬಾಚಿದರು. ಅಳಿಯನ ಸಿಟ್ಟು ಒಂದು ಕ್ಷಣ ತಣ್ಣಗಾಗಿ ನಿಂತುಹೋಯಿತು.

ಹಗ್ಗವನ್ನು ಎಳೆದು, ಈ ಸಲ ಬಲಕ್ಕೆ ಎಸೆದ. ಮಾವ ತಟಕ್ಕನೆ ಹಿಡಿದುಕೊಂಡರು.

ಮಗುಚಿದ ದೋಣಿಯನ್ನು ಎತ್ತುವುದೇನೂ ಅವನಿಗೆ ಹೊಸತಲ್ಲ. ಅಡಿಯಿಂದ ಚಾಚಿಕೊಂಡಿರುವ ಹಲಗೆಯ ಮೇಲೆ ಹತ್ತಿ ನಿಂತು ಭಾರ ಬಿಟ್ಟರೆ ನಿಧಾನಕ್ಕೆ ಎದ್ದು ಕೂರುತ್ತದೆ. ಎದ್ದಿತು. ಆದರೆ ತಕ್ಷಣ ಇನ್ನೊಂದು ಹೊಡೆತಕ್ಕೆ ಮತ್ತೆ ಮಲಗಿತು. ಎರಡನೆಯ ಸಲ ಎತ್ತಿ, ಮೇಲೆ ಹತ್ತಿ, ಮಾವನನ್ನು ಜಾಕೆಟ್ಟಿನ ಹೆಗಲುಪಟ್ಟಿ ಹಿಡಿದು ಒಳಗೆ ಎಳೆದುಹಾಕುವಷ್ಟರಲ್ಲಿ ಅವನ ತೋಳುಗಳು ನೂಲಾಗಿದ್ದವು. ದೋಣಿಯ ತುಂಬ ಮೊಣಕಾಲುದ್ದ ನೀರು. ಮುಂದಿನ ಹಾಯಿ ಇಳಿಸಿ, ದೊಡ್ಡದನ್ನು ಸುತ್ತಿ ಅರ್ಧ ಮಾಡಿದ. ಬಕೆಟ್ಟನ್ನು ಮಾವನ ಕೈಗೆ ಕೊಡಲು ಹೋದವನು ತಡೆದು, ಕೈಯನ್ನು ಅವರ ಎಡಗಡೆ, ಕಿವಿಯ ನೇರಕ್ಕೆ ಎತ್ತಿ ಹಿಡಿದ.

"ಮಾವ, ಮುಖ ತಿರುಗಿಸಬೇಡಿ. ನನ್ನ ಕೈ ಕಾಣ್ತಿದೆಯಾ?"

"ಯಾವ ಕೈ?"

ಕೇಳಿದ ಮೇಲೆ ಮಾವನಿಗೇ ಗೊತ್ತಾಯಿತು. ತುಟಿ ಒರೆಸಿಕೊಂಡರು.

"ಯಾವಾಗಿಂದ?"

"ಎಡಗಣ್ಣು ಒಂಚೂರು ಮಂಜು ಅಷ್ಟೇ. ವಯಸ್ಸಾದ ಮೇಲೆ ಯಾರಿಗಿರಲ್ಲ?"

"ದಿನಾ ಪುಟ್ಟೀನ ಕಾರಲ್ಲಿ ಕೂರಿಸ್ಕೊಂಡು ಹೋಗ್ತೀರಲ್ಲ, ಮಾವ!"

"ಒಂದಿನನಾದ್ರೂ ಏನಾದ್ರೂ ಆಗಿದೆಯಾ?"

"ಆಗ್ಬೇಕಿತ್ತಾ?"

ಮಾವ ಬಕೆಟ್ಟು ಕಿತ್ತುಕೊಂಡು ನೀರು ಎತ್ತಿ ಹೊರಗೆ ಚೆಲ್ಲತೊಡಗಿದರು. ಆಗಾಗ ಅದು ಗಾಳಿಗೆ ತಿರುಗಿ ಅಳಿಯನ ಮುಖಕ್ಕೇ ಬೀಳುತ್ತಿತ್ತು. "ಸರ್ವಿಸ್ಸಲ್ಲಿದ್ದಾಗ ವರ್ಷಾ ವರ್ಷಾ ಕಣ್ಣಿನ ಪರೀಕ್ಷೆ," ಎಂದರು, ನೀರಿಗೆ ಹೇಳುವವರ ಹಾಗೆ. "ಹಿಂದಿನ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಒಂದಕ್ಷರ ತಪ್ಪಿದ್ರೆ ಎಂಜಿನ್ನಿಂದ ಇಳಿಸಿ ಗೋಡೌನಲ್ಲಿ ಕೂರಿಸ್ತಿದ್ರು. ಎಷ್ಟು ಜನ ಹಾಗೆ ಹೋದ್ರು. ಅದೆಲ್ಲ ಮುಗೀತು, ಇನ್ಮೇಲೆ ಆ ಕುರ್ಚಿ ಮೇಲೆ ಕೂರಲ್ಲ ಅಂತ ಸಮಾಧಾನವಾಗಿದ್ದೆ."

ಅಳಿಯ ಚುಕ್ಕಾಣಿ ಹಿಡಿದು ಕ್ಲಬ್ಬಿನ ಕಡೆ ನೋಡಿದ. ಮಗುಚಿದ್ದ ಹೊತ್ತಿನಲ್ಲಿ ದೋಣಿ ಗಾಳಿ ನೂಕಿದ ಕಡೆ ತೇಲಿಹೋಗಿದ್ದರಿಂದ, ವಾಪಸ್ಸು ಹೋಗಬೇಕಾದ ದಾರಿ ಈಗ ಗಾಳಿಗೆ ಎದುರಾಗಿತ್ತು. ಹಾಯಿದೋಣಿ ನೇರ ಎದುರುಗಾಳಿಗೆ ಹೋಗುವುದಿಲ್ಲ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆಯಾಗಿ ಹೊಲಿಗೆ ಹಾಕಿದಂತೆ ಹೋಗಬೇಕು. ಪ್ರತಿ ಸಲ ತಿರುಗಿಸುವಾಗ ಮೂತಿ ಗಾಳಿಯನ್ನು ದಾಟಿ ಆಚೆ ಹೋಗಬೇಕು. ಅದು ಹೋಗಲೊಲ್ಲದು. ಒಳಗೆ ನೀರಿನ ಭಾರ, ಮುಂದಿನ ಹಾಯಿ ಇಲ್ಲ. ಅರ್ಧ ತಿರುಗಿ, ಗಾಳಿಗೆ ಮುಖ ಕೊಟ್ಟು, ಹಾಯಿ ಪಟಪಟ ಬಡಿಸುತ್ತ ನಿಂತುಬಿಡುತ್ತಿತ್ತು. ಆಮೇಲೆ ಹಿಂದಕ್ಕೆ ಜಾರುತ್ತಿತ್ತು. ಕಷ್ಟಪಟ್ಟು ಗಳಿಸಿದ ದೂರವೆಲ್ಲ ಹೋಯಿತು. ಮತ್ತೆ ಓಟ ಹಿಡಿಸಿ ಮತ್ತೆ ತಿರುಗಿಸಿದ. ಮತ್ತೆ ನಿಂತಿತು. ಕ್ಲಬ್ಬಿನ ಬಾವುಟ ಕಣ್ಣೆದುರಿಗೇ ಇತ್ತು, ಹತ್ತಿರ ಬರುತ್ತಿರಲಿಲ್ಲ. ಅಳಿಯ ಚುಕ್ಕಾಣಿಯನ್ನು ಗುದ್ದಿದ, ಗಾಳಿಗೆ ಬೈದ, ಸೊಂಟ ಹಿಡಿದುಕೊಂಡ ಔಷಧಿ ಅಂಗಡಿಯವನಿಗೆ ಬೈದ.

"ನನಗೂ ಬೈಯಿರಿ, ಪರವಾಗಿಲ್ಲ," ಎಂದರು ಮಾವ. "ಆಗಲೇ ಶುರು ಮಾಡಿದ್ದೀರಲ್ಲ."

ಕೊನೆಗೆ ಕ್ಲಬ್ಬಿನವರ ಮೋಟಾರು ದೋಣಿ ಬಂದು ಎಳೆದುಕೊಂಡು ಹೋಯಿತು. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಎಳೆದುಕೊಂಡು ಹೋದದ್ದಿಲ್ಲ. ದಡದಲ್ಲಿದ್ದವರು ಪಾಪ ಎಂಬಂತೆ ನೋಡುವುದನ್ನು ತಪ್ಪಿಸಿಕೊಳ್ಳಲು ತಲೆ ತಗ್ಗಿಸಿ ಹಗ್ಗ ಸುತ್ತುತ್ತ ಕೂತ.

ಕಾರಿನ ಬಳಿ ಇನ್ನೊಂದು ಸುತ್ತು ನಡೆಯಿತು. ಮಾವ ಒದ್ದೆ ಬಟ್ಟೆಯಲ್ಲೇ ಹೋಗಿ ಡ್ರೈವರ್ ಸೀಟಿನ ಬಾಗಿಲು ತೆರೆದರು.

"ಆ ಕಡೆ ಕೂತ್ಕೊಳ್ಳಿ ಮಾವ. ನಾನು ಓಡಿಸ್ತೀನಿ."

"ನನ್ನ ಕಾರು."

"ಗೊತ್ತು."

"ದೋಣಿ ಓಡಿಸಿದ್ದು ಸಾಕಾಗ್ಲಿಲ್ವಾ ಇವತ್ತಿಗೆ?"

ಮಾತು ನಾಟಿತು. ಆದರೂ ಅಳಿಯ ಬಾಗಿಲು ಹಿಡಿದು ನಿಂತ. ಗಾಳಿ ಬಾಗಿಲನ್ನು ಒಮ್ಮೆ ಅವನ ಕಡೆ, ಒಮ್ಮೆ ಮಾವನ ಕಡೆ ನೂಕುತ್ತಿತ್ತು. ಇಬ್ಬರೂ ನಡುಗುತ್ತಿದ್ದರು. ಕೊನೆಗೆ ಮಾವನೇ ಸೋತು ಸುತ್ತಿ ಹೋಗಿ ಕೂತರು. ದಾರಿಯಲ್ಲಿ ಒಂದೇ ಮಾತು: "ಅವಳಿಗೆ ಹೇಳಬೇಡಿ. ಸೋಮವಾರ ನಾನೇ ಡಾಕ್ಟರ ಹತ್ರ ಹೋಗ್ತೀನಿ." ಅಳಿಯ ರಸ್ತೆ ನೋಡುತ್ತ ಗೇರು ಬದಲಿಸಿದ.

ಮನೆಯಲ್ಲಿ ಹೆಂಡತಿ ಇಬ್ಬರ ಅವತಾರ ನೋಡಿ ಟವೆಲು ತಂದು ಅಪ್ಪನ ತಲೆ ಒರೆಸತೊಡಗಿದಳು. ಅಳಿಯ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸುತ್ತಿ ಬಳಸದೆ ಹೇಳಿಬಿಟ್ಟ. "ನಿಮ್ಮಪ್ಪಂಗೆ ಎಡಗಣ್ಣು ಕಾಣ್ತಿಲ್ಲ. ಇನ್ಮೇಲೆ ಕಾರು ಓಡಿಸೋ ಹಾಗಿಲ್ಲ."

ಅವಳ ಕೈ ನಿಂತಿತು. ಮಾವ ಟವೆಲಿನ ಅಡಿಯಿಂದ ತಲೆ ಹೊರಗೆ ಹಾಕಿದರು.

"ಸುಳ್ಳು! ದೋಣಿ ಮಗುಚಿತು ನೋಡು, ಆ ಅವಮಾನಾನ ನನ್ನ ಕಣ್ಣಿನ ಮೇಲೆ ಹಾಕ್ತಿದ್ದಾರೆ. ನನಗೆ ಏನಂದ್ರು ಗೊತ್ತಾ? 'ಬಿಡೋ' ಅಂದ್ರು! 'ಬಿಡೋ' ಅಂತ!"

"ಅಪ್ಪಂಗೆ ಹಾಗಂದ್ರಾ?" ಹೆಂಡತಿ ತಿರುಗಿದಳು. "ರೀ, ನಿಮಗೆ ಬುದ್ಧಿ ಇದೆಯಾ? ಈ ಗಾಳೀಲಿ ವಯಸ್ಸಾದವರನ್ನ ಕರ್ಕೊಂಡು ಹೋಗಿ, ನೀರಿಗೆ ಬೀಳಿಸಿ, ಮೇಲೆ ಏಕವಚನ ಬೇರೆ!"

"ಕರ್ಕೊಂಡು ಹೋಗಿ ಅಂದಿದ್ದು ನೀನೇ!"

"ಮುಳುಗಿಸಿ ಅಂದಿದ್ನಾ? ಹಾಯಿ ಚಿಕ್ಕದು ಮಾಡ್ಕೊಂಡಿದ್ರಾ? ಹೇಳಿ."

ಅಳಿಯ ಸುಲಿದ ಅಂಗೈ ನೋಡಿಕೊಂಡ. ಮೈ ಪರಚಿಕೊಳ್ಳುವ ಹಾಗಾಯಿತು. ತಾನು ಹೇಳುತ್ತಿರುವುದು ನಿಜ, ತನ್ನ ತಪ್ಪೂ ನಿಜ. ಎರಡನೆಯದು ಮೊದಲನೆಯದನ್ನು ನುಂಗಿ ಹಾಕುತ್ತಿತ್ತು. ಮಾವ ಗೆದ್ದವರಂತೆ ಟವೆಲು ಸರಿಮಾಡಿಕೊಂಡರು.

ಮೇಜಿನ ಬಳಿ ಬಣ್ಣ ಹಚ್ಚುತ್ತಿದ್ದ ಪುಟ್ಟಿ ತಲೆಯೆತ್ತಿದಳು.

"ಅಜ್ಜಂಗೆ ಎಡಗಡೆ ಕಾಣಲ್ಲ ಅಂತ ನನಗೆ ಮುಂಚೇನೇ ಗೊತ್ತು."

ಎಲ್ಲರೂ ಅವಳತ್ತ ತಿರುಗಿದರು.

"ನಾನು ಮುಂದೆ ಕೂತ್ಕೊಂಡು ಎಡಗಡೆ ನೋಡೋದು. ಸೈಕಲ್ಲು ಬಂದ್ರೆ 'ಕೆಂಪು' ಅನ್ನೋದು, ಯಾರೂ ಇಲ್ಲ ಅಂದ್ರೆ 'ಹಸಿರು' ಅನ್ನೋದು. ರೈಲಾಟ. ನಾನು ಒಂದೇ ಒಂದ್ಸಲ ಮರೆತುಬಿಟ್ಟೆ. ಆ ಮಾಮ ಸೈಕಲ್ಲಿಂದ ಬಿದ್ರು, ಆದ್ರೆ ಅವರಿಗೆ ಏನೂ ಆಗ್ಲಿಲ್ಲ. ಅಲ್ವಾ ಅಜ್ಜ?"

ಹೆಂಡತಿ ಕುರ್ಚಿ ಹಿಡಿದು ಕೂತಳು. ಅಪ್ಪನನ್ನು ನೋಡಿದಳು. ಮಾವ ಮಗಳ ಮುಖ ನೋಡಲಿಲ್ಲ. ಕೈಯ ಮೇಲಿನ ನೀರನ್ನು ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂತರು. ಅಳಿಯನಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಗಳ ಬಳಿ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು ನಿಂತ. "ಅಪ್ಪಾ, ನೀರು ಸೋರ್ತಿದೆ, ಬಣ್ಣ ಹಾಳಾಗತ್ತೆ," ಎಂದು ಅವಳು ದೂಡಿದಳು.

ಡಾಕ್ಟರು ಹೇಳಿದ್ದು ಇಷ್ಟು: ಕಣ್ಣಿನೊಳಗೆ ಒತ್ತಡ ಏರಿ ಎಡಗಣ್ಣಿನ ನರ ಒಣಗಿದೆ, ಹೋದ ನೋಟ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ. ಹನಿ ತಪ್ಪದೆ ಹಾಕಿದರೆ ಅದು ಉಳಿಯುತ್ತದೆ. "ಒಂದು ವರ್ಷ ಮುಂಚೆ ಬರಬೇಕಿತ್ತು" ಎಂದೂ ಸೇರಿಸಿದರು. ಹೊರಗೆ ಬಂದ ಮೇಲೆ ಹೆಂಡತಿ ಮೆಟ್ಟಿಲ ಮೇಲೆ ಕೂತು ಅತ್ತಳು. ಮಾವ ಅವಳ ಪಕ್ಕ ನಿಂತು, "ಏಳಮ್ಮ, ಜನ ನೋಡ್ತಾರೆ" ಎನ್ನುತ್ತಿದ್ದರು.

ಕಾರನ್ನು ಈಗ ಅಳಿಯ ಓಡಿಸುತ್ತಾನೆ. ಸ್ಕೂಲು, ಈಜು, ತರಕಾರಿ ಎಲ್ಲ ಅವನ ಹೆಗಲಿಗೆ ಬಂತು. ಈಜಿನ ಕ್ಲಾಸು ಇರುವುದೇ ಶನಿವಾರ ಮಧ್ಯಾಹ್ನ. ಹೊರಗೆ ಮರಗಳು ತೂಗಾಡುವುದನ್ನು ನೋಡುತ್ತ, ಈಜುಕೊಳದ ಗಾಜಿನ ಗೋಡೆಯೊಳಗೆ ಬೆವರುತ್ತ, ಅವನು ಬೆಂಚಿನ ಮೇಲೆ ಕೂತಿರುತ್ತಾನೆ. ಔಷಧಿ ಅಂಗಡಿಯವನು ಸೊಂಟ ಸರಿಯಾಗಿ, ಇನ್ಯಾರದೋ ದೋಣಿ ಹತ್ತುತ್ತಿದ್ದಾನೆಂದು ಸುದ್ದಿ. ಮಾವ ಅಳಿಯನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಈಗ ಬೇಕಾದಷ್ಟು ಮಾತ್ರ.

ಆದರೆ ಹನಿ ಹಾಕುವವನೂ ಅವನೇ. ಹೆಂಡತಿ ಹಾಕಲು ಹೋದರೆ ಅವಳ ಕಣ್ಣೇ ತುಂಬುತ್ತದೆ. ಮಾವನೇ ಹಾಕಿಕೊಂಡರೆ ಮೂಗಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಸಂಜೆ ಮಾವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂರುತ್ತಾರೆ. ಅಳಿಯ ಹೆಬ್ಬೆರಳಿಂದ ರೆಪ್ಪೆ ಎತ್ತಿ ಹಿಡಿದು, ಸೀಸೆ ಬಗ್ಗಿಸುತ್ತಾನೆ. ಹನಿ ತುದಿಯಲ್ಲಿ ತೂಗುತ್ತದೆ. ಸರಿಯಾಗಿ ಅದು ಬೀಳುವ ಹೊತ್ತಿಗೆ ಮಾವ ಕಣ್ಣು ಮುಚ್ಚುತ್ತಾರೆ. ಹನಿ ಕೆನ್ನೆಯ ಮೇಲೆ ಇಳಿದು ಕಿವಿಗೆ ಹೋಗುತ್ತದೆ.

"ಮುಚ್ಚಬೇಡಿ ಮಾವ."

"ನಾನೆಲ್ಲಿ ಮುಚ್ಚಿದೆ? ನೀವು ತಡ ಮಾಡಿದ್ರಿ."

ಅಳಿಯ ಉಸಿರು ಬಿಟ್ಟು, ಹತ್ತಿಯಿಂದ ಕೆನ್ನೆ ಒರೆಸಿ, ಮತ್ತೆ ರೆಪ್ಪೆ ಎತ್ತುತ್ತಾನೆ.